ನೆಕ್ಕರಿಕೆ ಹೂ ಬಿಟ್ಟಿದೆ, ಜೇನು ಮಾತ್ರ ನಿಲ್ಲುತ್ತಿಲ್ಲ: ಕಾರಣವೇನು?

ಧರೆಯ ದಾರಿ (ಬೆಂಗಳೂರು), ಜೂನ್ 8

ನಾನು ಬೆಳೆದದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ಶಾಲೆಗೆ ಹೋಗುವ ದಾರಿಯ ಎರಡೂ ಬದಿಯ ಧರೆಯ, ಅಂದರೆ ಮಣ್ಣಿನ ದಿಬ್ಬದ ಮೇಲೆ ನೆಕ್ಕರಿಕೆ ಗಿಡಗಳಿದ್ದವು. ಬಿರಿದ ಕಾಯಿಯ ಕಪ್ಪುನೇರಳೆ ತಿರುಳನ್ನು ತಿಂದು, ಯಾರ ನಾಲಿಗೆ ಹೆಚ್ಚು ಕಪ್ಪಾಗಿದೆ ಎಂದು ಚಾಚಿ ತೋರಿಸಿಕೊಳ್ಳುತ್ತಿದ್ದೆವು. ಈಗ ಬೆಂಗಳೂರಿನ ಮೂವತ್ತು-ನಲವತ್ತರ ನಿವೇಶನದ ಮನೆಯಲ್ಲಿ, ಕಾಂಪೌಂಡಿನ ಒಳಗೆ ಉಳಿದಿರುವ ಆರಡಿ ಅಗಲದ ಮಣ್ಣಿನಲ್ಲಿ, ಜೇನು ಮತ್ತು ದುಂಬಿಗಳಿಗೆ ಅನುಕೂಲವಾಗಲಿ ಎಂಬ ಉದ್ದೇಶದಿಂದ ನಮ್ಮ ಕಡೆಯದೇ ಕಾಡುಗಿಡವೊಂದಿರಲಿ ಎಂದು ಮೂರು ವರ್ಷಗಳ ಹಿಂದೆ ತವರಿನಿಂದ ಗೆಲ್ಲು ತಂದು ನೆಟ್ಟೆ. ಕಳೆದ ವರ್ಷ ಎಂಟ್ಹತ್ತು ಹೂ ಬಿಟ್ಟಿತ್ತು. ಈ ವರ್ಷ ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ದಿನಕ್ಕೆ ನಾಲ್ಕೈದು ಹೂಗಳು ಅರಳುತ್ತಿವೆ.

ಆದರೆ ಜೇನುಹುಳುಗಳು ಬಂದು, ಹೂವಿನ ನಡುವಿನ ಹಳದಿ ಕೇಸರಗಳ ಮೇಲೆ ಒಂದು ಗಳಿಗೆ ಕೆದಕಿ, ಏನೂ ಸಿಗದವರಂತೆ ಹೊರಟುಹೋಗುತ್ತವೆ. ಪಕ್ಕದಲ್ಲಿರುವ ತುಂಬೆ ಮತ್ತು ಕಾಮಕಸ್ತೂರಿಯ ಮೇಲೆ ಅವೇ ಹುಳುಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಡದೆ ಓಡಾಡುತ್ತವೆ. ಇಷ್ಟು ದೊಡ್ಡ, ಇಷ್ಟು ಗಾಢ ಬಣ್ಣದ ಹೂವನ್ನು ಬಿಟ್ಟು ಆ ಚಿಕ್ಕ ಬಿಳಿ ಹೂಗಳಿಗೆ ಏಕೆ ಹೋಗುತ್ತವೆ? ಇನ್ನೂ ಎರಡು ತೊಂದರೆಗಳಿವೆ. ಇದುವರೆಗೆ ಒಂದು ಕಾಯಿಯೂ ಕಟ್ಟಿಲ್ಲ, ಮತ್ತು ಹೊಸ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತಿದೆ.

ಪಾಠದ ಮೇಜು (ಮೈಸೂರು), ಜೂನ್ 8

ನಿಮ್ಮ ಜೇನುಹುಳುಗಳ ನಡತೆಯಲ್ಲಿ ತಪ್ಪೇನಿಲ್ಲ, ಏಕೆಂದರೆ ನೆಕ್ಕರಿಕೆಯ ಹೂವಿನಲ್ಲಿ ಮಕರಂದವೇ ಇಲ್ಲ. ಈ ಹೂ ಬಂದವರಿಗೆ ಕೊಡುವುದು ಪರಾಗವನ್ನು ಮಾತ್ರ, ಅದನ್ನೂ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತದೆ.

ನಾಳೆ ಬೆಳಿಗ್ಗೆ ಒಂದು ಹೂವನ್ನು ಕೈಯಲ್ಲಿ ಹಿಡಿದು ನೋಡಿ. ಐದು ದಳಗಳ ನಡುವೆ ಹತ್ತು ಕೇಸರಗಳಿರುತ್ತವೆ, ಆದರೆ ಹತ್ತೂ ಒಂದೇ ಬಗೆಯವಲ್ಲ. ಐದು ಗಿಡ್ಡವಾಗಿ, ಹಳದಿಯಾಗಿ, ಹೂವಿನ ನಡುವೆ ಎದ್ದು ಕಾಣುತ್ತವೆ. ಉಳಿದ ಐದು ಉದ್ದವಾಗಿ, ಕುಡುಗೋಲಿನಂತೆ ಬಾಗಿ, ದಳದ ಬಣ್ಣವನ್ನೇ ಹೊಂದಿ ಕಣ್ಣಿಗೆ ಬೀಳದಂತೆ ಚಾಚಿಕೊಂಡಿರುತ್ತವೆ. ಹಳದಿಯವು ಕೀಟವನ್ನು ಕರೆಯುವುದಕ್ಕೆ ಮತ್ತು ಉಣಿಸುವುದಕ್ಕೆ; ನೇರಳೆ ಬಣ್ಣದವು, ಕೀಟ ಹಳದಿಯ ಮೇಲೆ ಮಗ್ನವಾಗಿರುವಾಗ ಅದರ ಮೈಗೆ ಪರಾಗ ಸವರುವುದಕ್ಕೆ. ಈ ಜಾತಿಯ ಹೂಗಳಲ್ಲಿ ಎರಡು ಬಗೆಯ ಕೇಸರಗಳು ಏಕಿವೆ ಎಂಬುದು ಡಾರ್ವಿನ್ನರನ್ನೂ ಬಹಳ ಕಾಲ ಕಾಡಿತ್ತು. ಒಂದು ಊಟಕ್ಕೆ, ಇನ್ನೊಂದು ವಂಶಕ್ಕೆ ಎಂಬ ವಿವರಣೆಯನ್ನು 1880ರ ದಶಕದಲ್ಲಿ ಮುಂದಿಟ್ಟವರು ಹರ್ಮನ್ ಮತ್ತು ಫ್ರಿಟ್ಜ್ ಮ್ಯುಲ್ಲರ್ ಸಹೋದರರು.

ಇನ್ನು ಬೀಗದ ವಿಷಯ. ತುಂಬೆಯಂತಹ ಹೂಗಳಲ್ಲಿ ಪರಾಗಚೀಲ ಉದ್ದಕ್ಕೆ ಸೀಳಿಕೊಂಡು ಪುಡಿ ಹೊರಬರುತ್ತದೆ. ನೆಕ್ಕರಿಕೆಯಲ್ಲಿ ಪರಾಗಚೀಲದ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾತ್ರ ಇದೆ, ಉಪ್ಪಿನ ಡಬ್ಬಿಯ ಮುಚ್ಚಳದ ಹಾಗೆ. ಪರಾಗ ಬರಬೇಕಾದರೆ ಅದನ್ನು ಕುಲುಕಬೇಕು. ಕರಿ ದುಂಬಿ ಮತ್ತು ನೀಲಿಪಟ್ಟೆಯ ಒಂಟಿ ಜೇನು ಕೇಸರಗಳನ್ನು ಅಪ್ಪಿಕೊಂಡು, ರೆಕ್ಕೆಯನ್ನು ಆಡಿಸದೆ, ಹಾರಾಟದ ಸ್ನಾಯುಗಳನ್ನು ಮಾತ್ರ ಅದುರಿಸುತ್ತವೆ. ಆ ಅದುರು ಕೇಸರಕ್ಕೆ ದಾಟಿ ಪರಾಗ ಚಿಮ್ಮುತ್ತದೆ. ತುಡುವೆಗಾಗಲಿ ಹೆಜ್ಜೇನಿಗಾಗಲಿ ಕೋಲುಜೇನಿಗಾಗಲಿ ಈ ವಿದ್ಯೆ ಬರುವುದಿಲ್ಲ. ನೀವು ಕಂಡದ್ದು, ಬೇರೆ ಯಾರೋ ಕುಲುಕಿದಾಗ ಚೆಲ್ಲಿದ ಪುಡಿಯೇನಾದರೂ ದಳದ ಮೇಲೆ ಉಳಿದಿದೆಯೇ ಎಂದು ಹುಡುಕಲು ಬಂದ ಜೇನುಹುಳುಗಳನ್ನು. ಕುಲುಕುವವರೇ ಬಂದಿಲ್ಲವಾದ್ದರಿಂದ ಅವುಗಳಿಗೆ ಏನೂ ಸಿಗಲಿಲ್ಲ. ನಿಮ್ಮ ಗಿಡ ಕಾಯಿ ಕಟ್ಟದಿರುವುದಕ್ಕೂ ಬಹುಶಃ ಅದೇ ಕಾರಣ.

ಶ್ರುತಿಪೆಟ್ಟಿಗೆ (ಶಿವಮೊಗ್ಗ), ಜೂನ್ 9

ನಾನು ಸಂಗೀತ ಕಲಿಸುವವನು, ಗಿಡಗಳ ವಿಷಯದಲ್ಲಿ ವಿದ್ಯಾರ್ಥಿ. ಮೇಲಿನ ಮಾತನ್ನು ನಂಬದವರು ಶಾಲೆಯ ಪ್ರಯೋಗಾಲಯದಲ್ಲಿರುವ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೊಣಕಾಲಿಗೆ ತಟ್ಟಿ, ಅದರ ಬುಡವನ್ನು ಹೊಸದಾಗಿ ಅರಳಿದ ಹೂವಿನ ಕೇಸರಕ್ಕೆ ಮುಟ್ಟಿಸಿ ನೋಡಬಹುದು. ಕೆಳಗೆ ಕಪ್ಪು ಕಾಗದ ಹಿಡಿದಿದ್ದರೆ ತೆಳುಹಳದಿ ಪುಡಿ ಬೀಳುವುದು ಚೆನ್ನಾಗಿ ಕಾಣುತ್ತದೆ. ದುಂಬಿ ಹೂವಿನ ಮೇಲೆ ಕುಳಿತು ಅದುರುವಾಗಿನ ಸದ್ದು ಹಾರುವಾಗಿನ ಸದ್ದಿಗಿಂತ ಏರುಶ್ರುತಿಯಲ್ಲಿರುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮುಂದೆ ಗಿಡದ ಕಡೆ ನೋಡದೆಯೇ ದುಂಬಿ ಬಂದಿದೆಯೆಂದು ತಿಳಿಯುತ್ತದೆ.

ಜೇನುಪೆಟ್ಟಿಗೆ (ಶಿರಸಿ), ಜೂನ್ 9

ವಿವರಣೆ ಚೆನ್ನಾಗಿದೆ, ಆದರೆ ಇದರಿಂದ ನನಗೆ ಬೇರೆಯೇ ನಿರ್ಣಯ ಕಾಣುತ್ತದೆ. ನಾನು ಇಪ್ಪತ್ತು ವರ್ಷಗಳಿಂದ ತುಡುವೆ ಸಾಕುತ್ತಿದ್ದೇನೆ. ಮಕರಂದವಿಲ್ಲದ, ಒಂದೇ ದಿನ ಬಾಳುವ, ಜೇನಿಗೆ ಪರಾಗವನ್ನೂ ಸುಲಭವಾಗಿ ಕೊಡದ ಹೂವಿಗೆ ಪೇಟೆಯಲ್ಲಿರುವ ಅಂಗೈಯಗಲ ಮಣ್ಣನ್ನು ಏಕೆ ಮೀಸಲಿಡಬೇಕು? ಅದೇ ಜಾಗದಲ್ಲಿ ತುಂಬೆ, ಕಾಮಕಸ್ತೂರಿ, ಒಂದು ಕೇಪಳದ ಗಿಡ ಇದ್ದರೆ ವರ್ಷದ ಹೆಚ್ಚು ಭಾಗ ಜೇನಿಗೂ ಚಿಟ್ಟೆಗೂ ಆಹಾರ ಸಿಗುತ್ತದೆ. ನೆಕ್ಕರಿಕೆ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಯಾರೂ ಕೇಳದೆ ಬೆಳೆಯುತ್ತದೆ. ಅದು ಅಲ್ಲಿಯೇ ಚೆನ್ನ. ಊರಿನ ನೆನಪಿಗಾಗಿ ನೆಡುತ್ತೇನೆ ಎಂದರೆ ಒಪ್ಪುತ್ತೇನೆ. ಪರಾಗಸ್ಪರ್ಶಿಗಳಿಗಾಗಿ ಎಂದರೆ ಲೆಕ್ಕ ಸರಿಹೋಗುವುದಿಲ್ಲ.

ಪಾಠದ ಮೇಜು (ಮೈಸೂರು), ಜೂನ್ 9

ಜೇನು ಸಾಕುವವರ ಲೆಕ್ಕದಲ್ಲಿ ಅದು ಸರಿ. ಆದರೆ ಪರಾಗಸ್ಪರ್ಶಿ ಎಂದರೆ ತುಡುವೆಯೊಂದೇ ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ, ನನ್ನ ತಕರಾರು ಅದಕ್ಕೆ. ನಿಮ್ಮ ಹಿತ್ತಲಿನ ಬದನೆಯನ್ನೇ ತೆಗೆದುಕೊಳ್ಳಿ. ಬದನೆಯ ಪರಾಗಚೀಲಕ್ಕೂ ತುದಿಯಲ್ಲಿ ರಂಧ್ರವಷ್ಟೇ ಇರುವುದು. ಅದಕ್ಕೂ ಕುಲುಕುವ ದುಂಬಿಯೇ ಹೆಚ್ಚು ಪ್ರಯೋಜನಕಾರಿ. ಟೊಮೆಟೊ ಗಾಳಿಯ ಅಲುಗಾಟದಿಂದಲೂ ಕಾಯಿ ಕಟ್ಟುತ್ತದೆಯಾದರೂ ಅದುರಿಸುವ ಒಂಟಿ ಜೇನು ಬಂದರೆ ಕಾಯಿ ಚೆನ್ನಾಗಿ ತುಂಬುತ್ತದೆ. ಬದನೆ, ಟೊಮೆಟೊ ಹೂವಿಲ್ಲದ ತಿಂಗಳುಗಳಲ್ಲಿ ಈ ಕೀಟಗಳು ಮರಿಗಳಿಗೆ ಬೇಕಾದ ಪರಾಗವನ್ನು ಎಲ್ಲಿಂದ ತರಬೇಕು? ನೆಕ್ಕರಿಕೆಯಂತಹ ಗಿಡಗಳಿಗೆ ಹಿತ್ತಲಿನಲ್ಲಿ ಸ್ಥಾನವಿರುವುದು ಅಲ್ಲಿ. ತುಂಬೆಯನ್ನು ಕಿತ್ತು ನೆಕ್ಕರಿಕೆ ನೆಡಿ ಎಂದು ನಾನು ಹೇಳುತ್ತಿಲ್ಲ. ಹೇಳುವುದಾದರೆ, ನೆಕ್ಕರಿಕೆಯೊಂದನ್ನೇ ನೆಟ್ಟು ಸುಮ್ಮನಾಗಬೇಡಿ ಎಂದೇ ಹೇಳುತ್ತೇನೆ, ಏಕೆಂದರೆ ಹೊಟ್ಟೆಗೆ ಮಕರಂದ ಬೇಕಾದ ದುಂಬಿ ಮಕರಂದವೇ ಇಲ್ಲದ ಹಿತ್ತಲಿಗೆ ಪರಾಗಕ್ಕಾಗಿ ಮಾತ್ರ ಬರುವುದು ಅಪರೂಪ.

ಬಿದಿರುಮೆಳೆ (ಪುತ್ತೂರು), ಜೂನ್ 10

ಇಷ್ಟು ಚರ್ಚೆಯಲ್ಲಿ ದುಂಬಿಯ ಮನೆಯ ವಿಷಯ ಬಂದೇ ಇಲ್ಲ. ಹೂವನ್ನು ಎಷ್ಟು ಬೇಕಾದರೂ ಬೆಳೆಸಬಹುದು, ಆದರೆ ಸುತ್ತಮುತ್ತ ಗೂಡು ಮಾಡಲು ಜಾಗವಿಲ್ಲದಿದ್ದರೆ ಯಾರು ಬಂದಾರು?

ಪಠ್ಯಪುಸ್ತಕಗಳಲ್ಲಿ ಬೀಟಲ್ ಜಾತಿಯ ಹುಳುಗಳಿಗೂ ದುಂಬಿ ಎನ್ನುವುದುಂಟು. ಇಲ್ಲಿ ಮಾತು ಬಂದಿರುವುದು ಮರ ಕೊರೆಯುವ, ಬಿಸಿಲಿಗೆ ರೆಕ್ಕೆ ನೀಲಿಯಾಗಿ ಮಿಂಚುವ ಕರಿ ದುಂಬಿಯ ಬಗ್ಗೆ. ಅದು ಒಣಮರದಲ್ಲಿ, ಪಕ್ಕಾಸಿನಲ್ಲಿ, ಬಿದಿರಿನ ಟೊಳ್ಳಿನಲ್ಲಿ ಸಂಸಾರ ಮಾಡುತ್ತದೆ. ಒಳಗೆ ಪರಾಗ ಮತ್ತು ಮಕರಂದ ಕಲಸಿದ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಮರದ ಹೊಟ್ಟಿನಿಂದ ಗೋಡೆ ಕಟ್ಟಿ, ಮತ್ತೆ ಮುಂದಿನ ಕೋಣೆ. ನಮ್ಮ ಹಳೆಯ ಮನೆಯ ಮಾಡಿನ ಪಕ್ಕಾಸುಗಳಲ್ಲಿ ಹೆಬ್ಬೆರಳು ತೂರುವಷ್ಟು ದುಂಡನೆಯ ತೂತುಗಳಿದ್ದವು. ಅಜ್ಜ ಪ್ರತಿ ವರ್ಷ ಅವಕ್ಕೆ ಬೆಣೆ ಹೊಡೆಸುತ್ತಿದ್ದರು, ದುಂಬಿ ಪ್ರತಿ ವರ್ಷ ಪಕ್ಕದಲ್ಲಿ ಇನ್ನೊಂದು ಕೊರೆಯುತ್ತಿತ್ತು. ಈಗ ಮಾಡು ಕಾಂಕ್ರೀಟಿನದು. ದುಂಬಿಗಾಗಿ ದನದ ಕೊಟ್ಟಿಗೆಯ ಹಿಂದೆ ಒಂದು ಒಣ ಮಾವಿನ ಕೊರಡನ್ನೂ, ಒಂದು ತುದಿ ಗಂಟಿನಿಂದ ಮುಚ್ಚಿರುವ ನಾಲ್ಕಾರು ಬಿದಿರಿನ ತುಂಡುಗಳನ್ನೂ ಮಳೆ ಹೊಡೆಯದಂತೆ ಅಡ್ಡಲಾಗಿ ಕಟ್ಟಿದ್ದೇನೆ. ನೀಲಿಪಟ್ಟೆಯ ಜೇನಿಗೆ ಬೇಕಾದದ್ದು ಮಣ್ಣು. ಮಣ್ಣಿನ ಗೋಡೆ, ಧರೆಯ ಬದಿ, ಹಸಿಯಿಟ್ಟಿಗೆಯ ಸಂದು ಇವುಗಳಲ್ಲಿ ಅದು ಬಿಲ ತೋಡುತ್ತದೆ. ಅದರ ಗಂಡುಗಳು ಸಂಜೆಯಾದ ಮೇಲೆ ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ಸಾಲಾಗಿ ನೇತಾಡುತ್ತ ನಿದ್ರಿಸುತ್ತವೆ. ಆ ಕಡ್ಡಿಗಳನ್ನು ಕಸವೆಂದು ಸವರಿಬಿಡಬೇಡಿ. ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ ಮೂಲೆಯಲ್ಲಿ ಒಂದು ಹೂಗಿಡ ನೆಟ್ಟು ಕಾಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮೂಲ ಪ್ರಶ್ನೆ ಕೇಳಿದವರ ಬಗ್ಗೆ ಈ ಮಾತು ಅಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ನೆಕ್ಕರೆ ಎಂದರೆ ಪರಿಮಳದ ಕಾಟುಮಾವಿಗೂ ಹೇಳುತ್ತಾರೆ, ಈ ಗಿಡಕ್ಕೂ ಹೇಳುತ್ತಾರೆ. ಯಾರಾದರೂ ನೆಕ್ಕರೆ ಗಿಡ ಕಳಿಸುತ್ತೇನೆ ಎಂದರೆ ಯಾವುದು ಎಂದು ಕೇಳಿಯೇ ಒಪ್ಪಿಕೊಳ್ಳಿ. ಈ ನೆಕ್ಕರಿಕೆಯ ಎಳೆಯ ಕುಡಿಯನ್ನು ಬಾಡಿಸಿ ಮಾಡುವ ತಂಬುಳಿಗೆ ಹೊಟ್ಟೆ ಕೆಟ್ಟಾಗ ನಮ್ಮ ಮನೆಗಳಲ್ಲಿ ಮೊದಲ ಸ್ಥಾನ. ಅದಕ್ಕಾಗಿ ಕುಡಿ ಚಿವುಟುತ್ತಿದ್ದರೆ ಗಿಡವೂ ಕವಲೊಡೆದು ಪೊದೆಯಾಗುತ್ತದೆ.

ಮಣ್ಣಿನ ಡಬ್ಬಿ (ತುಮಕೂರು), ಜೂನ್ 11

ಎಲೆ ಹಳದಿಯಾಗುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮಣ್ಣು ಪರೀಕ್ಷೆಯ ಕೆಲಸದಿಂದ ನಿವೃತ್ತನಾದವನು ನಾನು.

ಹೊಸ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಎಂದರೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ಬೆಂಗಳೂರಿನ ಕೆಂಪುಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಇರುವುದನ್ನು ಬೇರು ಹೀರಿಕೊಳ್ಳಲಾಗುತ್ತಿಲ್ಲ, ಅಷ್ಟೇ. ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ಹಾಕಿದಾಗ, ಅದರ ಜೊತೆಗೆ ಕಟ್ಟಡ ಕಟ್ಟಿದಾಗ ಉಳಿದ ಸಿಮೆಂಟು, ಸುಣ್ಣದ ಚೂರುಗಳು ಕಾಂಪೌಂಡಿನ ಬದಿಯ ಮಣ್ಣಿನಲ್ಲಿ ಸೇರಿಕೊಂಡಿದ್ದಾಗ, ಮಣ್ಣಿನ ರಸಸಾರ (ಪಿಎಚ್) ಏರುತ್ತದೆ, ಅಂದರೆ ಹುಳಿ ಕಡಿಮೆಯಾಗುತ್ತದೆ. ಏರಿದ ಕೂಡಲೇ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ಬೇರಿಗೆ ನಿಲುಕದಾಗುತ್ತದೆ. ನೆಕ್ಕರಿಕೆ ಮಲೆನಾಡಿನ ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನ, ಅಂದರೆ ಹುಳಿಮಣ್ಣಿನ ಗಿಡ. ಅದೆಷ್ಟರ ಮಟ್ಟಿಗೆ ಎಂದರೆ, ಬೇರೆ ಬೆಳೆಗಳ ಬೇರನ್ನು ಮೊಂಡು ಮಾಡುವ ಅಲ್ಯೂಮಿನಿಯಂ ಅಂಶವನ್ನು ಇದು ತನ್ನ ಎಲೆಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಾತ್ರವಲ್ಲ, ಆ ಅಂಶವಿದ್ದರೆ ಇದರ ಬೆಳವಣಿಗೆಯೇ ಹೆಚ್ಚುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಅಡಿಕೆಗೆ ಹಾಕುವಂತೆ ಸುಣ್ಣವನ್ನೋ, ಒಲೆಯ ಬೂದಿಯನ್ನೋ ಒಳ್ಳೆಯದಾಗಲಿ ಎಂದು ಹಾಕಿದರೆ ಇದಕ್ಕೆ ಕೆಡುಕೇ ಆಗುತ್ತದೆ.

ಬುಡದ ಸುತ್ತ ಒಂದೂವರೆ ಅಡಿ ಅಗಲಕ್ಕೆ ಸಿಮೆಂಟಿನ ಚೂರುಗಳನ್ನು ಆರಿಸಿ ತೆಗೆಯಿರಿ. ಕೊಳೆತ ಎಲೆಗೊಬ್ಬರವನ್ನು ಮೂರು ಬೆರಳು ದಪ್ಪ ಹರಡಿ, ಮೇಲೆ ಒಣ ಎಲೆಯ ಹೊದಿಕೆ ಕೊಡಿ. ಈಗ ಮಳೆಗಾಲವಾದ್ದರಿಂದ ತಾರಸಿಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು, ಮಳೆ ಬಿಟ್ಟಾಗ ಇದಕ್ಕೆ ಮಾತ್ರವಾದರೂ ಅದನ್ನೇ ಹಾಕಿ. ತೀರಾ ಹಳದಿಯಾಗಿದ್ದರೆ ಕೀಲೇಟ್ ಮಾಡಿದ, ಅಂದರೆ ಕರಗಿದ ರೂಪದಲ್ಲೇ ಉಳಿಯುವಂತೆ ಮಾಡಿದ ಕಬ್ಬಿಣವನ್ನು ಒಮ್ಮೆ ಎಲೆಗೆ ಸಿಂಪಡಿಸಬಹುದು, ಆದರೆ ಅದು ತಾತ್ಕಾಲಿಕ. ಗೊಬ್ಬರ ಹೆಚ್ಚು ಬೇಡ. ಧರೆಯ ಬಡಮಣ್ಣಿನಲ್ಲಿ ಬೆಳೆದು ಬಂದ ಜಾತಿಯಿದು. ಬಿಸಿಲು ಅರ್ಧ ದಿನಕ್ಕೆ ಕಡಿಮೆಯಾದರೆ ಎಲೆ ಸೊಂಪಾಗುತ್ತದೆ, ಹೂ ಇಳಿಯುತ್ತದೆ.

ಬಾಲ್ಕನಿಯವರು (ಬೆಂಗಳೂರು), ಜೂನ್ 12

ಇಲ್ಲಿನ ಚರ್ಚೆಯನ್ನು ಓದಿ ನನಗೆ ಬೇರೆ ಅನುಮಾನ ಹುಟ್ಟಿದೆ. ಎರಡು ವರ್ಷಗಳ ಹಿಂದೆ ನರ್ಸರಿಯೊಂದರಲ್ಲಿ ನೆಕ್ಕರಿಕೆಯೇ ಎಂದು ಹೇಳಿ ಒಂದು ಗಿಡ ಕೊಟ್ಟಿದ್ದರು. ಅದರ ಎಲೆ ಮಖಮಲ್ಲಿನಂತೆ ಮೆತ್ತಗಿದೆ, ಹೂ ಅಂಗೈಯಷ್ಟು ಅಗಲ, ಬಣ್ಣ ಕಡುನೀಲಿಗೆ ಹತ್ತಿರದ ನೇರಳೆ. ಆದರೆ ಹಳದಿ ಕೇಸರಗಳು ಕಾಣುವುದೇ ಇಲ್ಲ, ಎಲ್ಲ ಕೇಸರಗಳೂ ನೇರಳೆಯೇ.

ಪಾಠದ ಮೇಜು (ಮೈಸೂರು), ಜೂನ್ 12

ಅದು ಟಿಬೌಚಿನಾ, ಬ್ರೆಜಿಲ್ ಮೂಲದ ಅಲಂಕಾರದ ಗಿಡ. ಒಂದೇ ಕುಟುಂಬದ್ದಾದ್ದರಿಂದ ಎಲೆಯಲ್ಲಿ ಉದ್ದಕ್ಕೆ ಓಡುವ ನರಗಳು ಎರಡರಲ್ಲೂ ಇರುತ್ತವೆ ಮತ್ತು ತಪ್ಪು ಸಹಜ. ನೆಕ್ಕರಿಕೆಯ ಎಲೆಯನ್ನು ಬೆರಳಿನಿಂದ ಸವರಿದರೆ ಮರಳುಕಾಗದದಂತೆ ಒರಟು, ಎಳೆಗೆಲ್ಲು ಮತ್ತು ಮೊಗ್ಗಿನ ಮೇಲೆ ಒತ್ತಿಕೊಂಡ ಹುರುಪೆಯಂತಹ ರೋಮಗಳು, ಹೂ ಗುಲಾಬಿ ಬೆರೆತ ನೇರಳೆ, ಹಳದಿ ಕೇಸರ ಐದು. ಹಣ್ಣು ಬಿರಿದು ಕಪ್ಪು ತಿರುಳು ತೋರಿದರೆ ಅನುಮಾನವೇ ಬೇಡ. 1753ರಲ್ಲಿ ಲಿನೇಯಸ್ ಇದನ್ನು ಮೆಲಾಸ್ಟೋಮಾ ಮಲಬಾತ್ರಿಕಮ್ ಎಂದು ದಾಖಲಿಸಿದ. ಮೆಲಾಸ್ಟೋಮಾ ಎಂದರೆ ಗ್ರೀಕಿನಲ್ಲಿ ಕರಿಬಾಯಿ. ಸಾಗರದ ಶಾಲೆಯ ದಾರಿಯಲ್ಲಿ ನಡೆಯುತ್ತಿದ್ದ ಪಂದ್ಯವೇ ಅದರ ಹೆಸರಾಗಿದೆ ಎನ್ನಬಹುದು.

ಕುಂಡದಲ್ಲಿಯೇ ಬೆಳೆಸಬೇಕೆಂದಿದ್ದರೆ ಇದರ ಚಿಕ್ಕ ಬಂಧುಗಳಾದ ಆಸ್ಬೆಕಿಯಾಗಳೂ ಇವೆ. ಮಳೆಗಾಲದಲ್ಲಿ ಜಂಬಿಟ್ಟಿಗೆ ಹಾಸಿನ ಹುಲ್ಲಿನ ನಡುವೆ ಮೊಣಕಾಲೆತ್ತರದ ಒಳಗೇ ನೇರಳೆ-ಗುಲಾಬಿ ಹೂ ಬಿಡುವ ಗಿಡಗಳು ಅವು. ಆದರೆ ನರ್ಸರಿಗಳಲ್ಲಿ ಸಿಗುವುದಿಲ್ಲ, ಕುಂಡಕ್ಕೆ ಒಗ್ಗಿಸುವುದೂ ಸುಲಭವಲ್ಲ. ನೆಕ್ಕರಿಕೆಯೇ ವಾಸಿ: ಹದಿನಾಲ್ಕು ಇಂಚಿನ ಕುಂಡ, ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸವರುವುದು.

ಬಾಲ್ಕನಿಯವರು (ಬೆಂಗಳೂರು), ಜೂನ್ 12

ಮನೆಯಲ್ಲಿ ಸಣ್ಣ ಮಗುವಿದೆ. ಅಷ್ಟು ದೊಡ್ಡ ಕರಿ ದುಂಬಿ ಬಾಲ್ಕನಿಗೆ ಬರುವುದು ಅಪಾಯವಲ್ಲವೇ?

ಬಿದಿರುಮೆಳೆ (ಪುತ್ತೂರು), ಜೂನ್ 12

ಗಂಡು ದುಂಬಿಗೆ ಕೊಂಡಿಯೇ ಇಲ್ಲ, ಮುಖದ ಮುಂದೆ ಬಂದು ನಿಂತು ಹೆದರಿಸುವುದಷ್ಟೇ ಅದರ ಪರಾಕ್ರಮ. ಹೆಣ್ಣಿಗೆ ಕೊಂಡಿಯಿದೆ, ಆದರೆ ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಮಾತ್ರ ಚುಚ್ಚೀತು. ಹೆಜ್ಜೇನಿನಂತೆ ಗುಂಪಾಗಿ ಅಟ್ಟಿಸಿಕೊಂಡು ಬರುವ ಜಾತಿಯಲ್ಲ. ನಮ್ಮ ಕೊಟ್ಟಿಗೆಯ ಹಿಂದೆ ಮಕ್ಕಳು ದಿನವೂ ಆಡುತ್ತಾರೆ, ಇದುವರೆಗೆ ಯಾರಿಗೂ ಚುಚ್ಚಿಲ್ಲ.

ಎರೆಹೊಲ (ಧಾರವಾಡ ಜಿಲ್ಲೆ), ಜೂನ್ 14

ನಮ್ಮದು ಕಪ್ಪು ಎರೆಭೂಮಿ. ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಣ್ಣಿನಲ್ಲಿ ಸುಣ್ಣದ ಹರಳು. ಮಲೆನಾಡಿನವರ ಈ ಗಿಡ ನಮ್ಮಲ್ಲಿ ಬದುಕುವುದಿಲ್ಲವೆಂದು ಮೇಲಿನವರ ಮಾತಿನಿಂದಲೇ ತಿಳಿಯಿತು. ಹಾಗಾದರೆ ನೇರಳೆ ಹೂ ಬಿಡುವ, ದುಂಬಿ ಬರುವ ಗಿಡ ನಮಗೆ ಯಾವುದು?

ಮಣ್ಣಿನ ಡಬ್ಬಿ (ತುಮಕೂರು), ಜೂನ್ 14

ನಿಮ್ಮ ಬದುವಿನ ಮೇಲೆ ಈಗಾಗಲೇ ಇದೆ, ನೆಡುವ ಅಗತ್ಯವಿಲ್ಲ: ಎಕ್ಕ. ಮಾರುತಿಗೆ ಹಾರ ಮಾಡುವ ನೇರಳೆ ಎಕ್ಕದ ಹೂವಿನ ಮೇಲೆ ಬೆಳಗಿನ ಎಂಟು ಗಂಟೆಗೆ ಹೋಗಿ ನಿಂತರೆ ಕರಿ ದುಂಬಿಗಳು ಸರದಿಯಲ್ಲಿ ಬರುವುದನ್ನು ಕಾಣುತ್ತೀರಿ. ಅದರಲ್ಲಿ ಮಕರಂದ ಧಾರಾಳ, ಮತ್ತು ಅದರ ಪರಾಗಸ್ಪರ್ಶಕ್ಕೆ ಮುಖ್ಯವಾಗಿ ದುಂಬಿಯೇ ಬೇಕು, ಏಕೆಂದರೆ ಎಕ್ಕದ ಪರಾಗ ಪುಡಿಯಾಗಿರದೆ ಜೋಡಿ ಚೀಲಗಳಾಗಿ ಕೀಟದ ಕಾಲಿಗೆ ಸಿಕ್ಕಿಕೊಂಡು ಹೋಗಬೇಕು. ಸಣ್ಣ ಹುಳುಗಳಿಗೆ ಅದನ್ನು ಕಿತ್ತೆಳೆಯುವ ಬಲವಿಲ್ಲ. ಪ್ಲೇನ್ ಟೈಗರ್ ಚಿಟ್ಟೆಯ ಕಂಬಳಿಹುಳು ಅದರ ಎಲೆಯನ್ನೇ ತಿಂದು ಬೆಳೆಯುತ್ತದೆ. ಹಾಲು ಕಣ್ಣಿಗೆ ಬೀಳದಂತೆ ಮಾತ್ರ ಎಚ್ಚರವಿರಲಿ.

ಇನ್ನೊಂದು ಕೊಗ್ಗಿ, ವೈದ್ಯರು ಶರಪುಂಖ ಎನ್ನುವ ಗಿಡ. ದ್ವಿದಳ ಜಾತಿ, ಚಿಕ್ಕ ನೇರಳೆ ಹೂ, ಮಳೆಯಾಶ್ರಿತ ನೆಲದಲ್ಲಿ ತಾನಾಗಿ ಬರುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಸುತ್ತದೆ. ಬದುವಿನ ಕಳೆಯೆಂದು ಸವರಿಸುವ ಮುನ್ನ ಹೂ ಮುಗಿಯುವವರೆಗೆ ಬಿಟ್ಟರೆ ಸಾಕು.

ಗುಡ್ಡದ ಹಾದಿ (ಚಿಕ್ಕಮಗಳೂರು), ಜೂನ್ 15

ನೇರಳೆ ಎಂದಮೇಲೆ ಕುರಿಂಜಿಯ ಹೆಸರು ಬರಲಿಲ್ಲವಲ್ಲ! 2022ರಲ್ಲಿ ಚಂದ್ರದ್ರೋಣದ ಇಳಿಜಾರು ನೀಲಿಯಾಗಿದ್ದಾಗ ಜೇನಿನ ಮೊರೆತವನ್ನು ಕೇಳಿಯೇ ತಿಳಿಯಬೇಕಿತ್ತು.

ಜೇನುಪೆಟ್ಟಿಗೆ (ಶಿರಸಿ), ಜೂನ್ 15

ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುವ ಗಿಡವನ್ನು ಹಿತ್ತಲಿನಲ್ಲಿ ನೆಟ್ಟರೆ ಉಳಿದ ಹನ್ನೊಂದು ವರ್ಷ ಜೇನಿಗೆ ಏನು ಹೇಳುವುದು? ಅದು ಬೆಟ್ಟದಲ್ಲೇ ಇರಲಿ, ನಾವು ಹೋಗಿ ನೋಡೋಣ.

ಬಾಲ್ಕನಿಯವರು (ಬೆಂಗಳೂರು), ಜೂನ್ 17

ನಿಜವಾದ ನೆಕ್ಕರಿಕೆಯನ್ನು ಎಲ್ಲಿಂದ ತರುವುದು? ಮುಂದಿನ ವಾರ ಆಗುಂಬೆಯ ಕಡೆ ಪ್ರವಾಸವಿದೆ. ರಸ್ತೆ ಬದಿಯ ಒಂದು ಗಿಡ ಕಿತ್ತು ತಂದರೆ ಬದುಕುತ್ತದೆಯೇ?

ಬಿದಿರುಮೆಳೆ (ಪುತ್ತೂರು), ಜೂನ್ 17

ದಯವಿಟ್ಟು ಕೀಳಬೇಡಿ. ಘಟ್ಟದ ರಸ್ತೆಯ ಬದಿ ಹೆಚ್ಚಾಗಿ ಕಾಯ್ದಿಟ್ಟ ಅರಣ್ಯವೇ, ಅಲ್ಲಿಂದ ಗಿಡ ತೆಗೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅದನ್ನು ಬಿಟ್ಟರೂ ಬೆಳೆದ ಗಿಡ ಕಿತ್ತರೆ ಬದುಕುವುದು ಕಷ್ಟ. ಪರಿಚಯದವರ ಸ್ವಂತ ತೋಟದಲ್ಲಿ ಗಿಡವಿದ್ದರೆ ಜೂನ್-ಜುಲೈಯಲ್ಲಿ ಅರೆಬಲಿತ ಗೆಲ್ಲನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ಎಲೆಗೊಬ್ಬರದ ಮಿಶ್ರಣದಲ್ಲಿ ನೆರಳಿಗಿಡಿ.

ನನಗೆ ಬೀಜವೇ ಇಷ್ಟ. ಹಣ್ಣು ಬಿರಿದ ಕೂಡಲೇ, ಬುಲ್‌ಬುಲ್ ಮತ್ತು ಹೂಕುಟುಕ ಹಕ್ಕಿಗಳಿಗಿಂತ ಮುಂಚೆ ತಲುಪಬೇಕು. ತಿರುಳನ್ನು ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಉಳಿಯುವುದು ನಶ್ಯದಷ್ಟು ನಯವಾದ ಬೀಜ. ಒಣಮರಳಿನೊಂದಿಗೆ ಬೆರೆಸಿ ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ. ಬೆಳಕು ತಾಗಿದರೆ ಮಾತ್ರ ಮೊಳೆಯುತ್ತದೆ. ಮೇಲಿನಿಂದ ನೀರು ಹೊಯ್ದರೆ ಕೊಚ್ಚಿಹೋಗುವುದರಿಂದ ಕುಂಡವನ್ನು ನೀರಿನ ತಟ್ಟೆಯಲ್ಲಿಡಿ. ಮೊಳಕೆ ಕಾಣಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಮೊದಲ ತಿಂಗಳು ಅವು ಪಾಚಿಯೋ ಗಿಡವೋ ಎಂದು ಅನುಮಾನವಾಗುವಷ್ಟು ಚಿಕ್ಕವು, ಎಸೆದುಬಿಡಬೇಡಿ.

ಕಡಲಾಚೆ (ಫ್ಲಾರಿಡಾ), ಜೂನ್ 19

ನಮ್ಮ ಮೂಲ ಊರು ಕಾರ್ಕಳ. ಇಲ್ಲಿಯೂ ಮಳೆ, ಸೆಕೆ, ಹುಳಿಮಣ್ಣು ಎಲ್ಲ ಇರುವುದರಿಂದ ನೆಕ್ಕರಿಕೆ ಚೆನ್ನಾಗಿ ಬಂದೀತು ಎನಿಸುತ್ತದೆ. ನಶ್ಯದಷ್ಟು ಬೀಜವೆಂದರೆ ಒಂದು ಲಕೋಟೆಯಲ್ಲಿ ಕಳಿಸಬಹುದಲ್ಲವೇ?

ಪಾಠದ ಮೇಜು (ಮೈಸೂರು), ಜೂನ್ 19

ಕಳಿಸುವ ಹಾಗಿಲ್ಲ. ನೀವು ಹೇಳಿದ ಕಾರಣಕ್ಕೇ, ಅಂದರೆ ಅಲ್ಲಿ ಬಹಳ ಚೆನ್ನಾಗಿ ಬಂದುಬಿಡಬಹುದೆಂಬ ಕಾರಣಕ್ಕೇ, ಅಮೆರಿಕದ ಒಕ್ಕೂಟ ಸರ್ಕಾರ ಇದನ್ನು ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿದೆ. ಅನುಮತಿಯಿಲ್ಲದೆ ತರಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಹಕ್ಕಿ ತಿಂದು ಬೀಜ ಹರಡುವ ಗಿಡಗಳು ಹೊಸ ನೆಲದಲ್ಲಿ ಏನು ಮಾಡಬಲ್ಲವು ಎಂಬುದನ್ನು ನಮ್ಮ ಕಾಡುಗಳನ್ನು ತುಂಬಿರುವ ಲಂಟಾನವನ್ನು ನೋಡಿದವರಿಗೆ ವಿವರಿಸಬೇಕಿಲ್ಲ, ಅದು ಬಂದದ್ದು ನಿಮ್ಮ ಆ ದಿಕ್ಕಿನಿಂದಲೇ. ನೀವಿರುವಲ್ಲಿ ಇದೇ ಕುಟುಂಬದ ರೆಕ್ಸಿಯಾ ಎಂಬ ಸ್ಥಳೀಯ ಕಾಡುಹೂವಿದೆ, ಅಲ್ಲಿನವರು ಮೆಡೋ ಬ್ಯೂಟಿ ಎನ್ನುತ್ತಾರೆ. ತೇವದ ಹುಳಿಮಣ್ಣು ಅದಕ್ಕೂ ಪ್ರಿಯ, ಅದರ ಪರಾಗಚೀಲಕ್ಕೂ ತುದಿಯಲ್ಲಿ ರಂಧ್ರ, ಅದನ್ನು ಕುಲುಕುವುದು ಅಲ್ಲಿನ ಬಂಬಲ್ ಜೇನು. ಕಾರ್ಕಳದ ಗಿಡವಲ್ಲದಿದ್ದರೂ ಹತ್ತಿರದ ನೆಂಟ.

ಧರೆಯ ದಾರಿ (ಬೆಂಗಳೂರು), ಅಕ್ಟೋಬರ್ 20

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಬುಡ ಕೆದಕಿದಾಗ ಅರ್ಧ ಬುಟ್ಟಿ ಸಿಮೆಂಟು ಮತ್ತು ಜಲ್ಲಿಯ ಚೂರುಗಳು ಸಿಕ್ಕವು. ಮಳೆನೀರು ಮತ್ತು ಎಲೆಗೊಬ್ಬರಕ್ಕೆ ಹೊಸ ಚಿಗುರು ಹಸಿರಾಗಿದೆ, ಹಳೆಯ ಹಳದಿ ಎಲೆಗಳು ಹಾಗೆಯೇ ಉದುರಿದವು. ಶಿರಸಿಯವರ ಮಾತಿನಂತೆ ತುಂಬೆಯನ್ನೂ ಕೇಪಳವನ್ನೂ ಉಳಿಸಿಕೊಂಡು, ಗೇಟಿನ ಪಕ್ಕ ಒಂದು ಪ್ಯಾಶನ್ ಫ್ರೂಟ್ ಬಳ್ಳಿಯನ್ನು ಹಬ್ಬಿಸಿದ್ದೇನೆ, ದುಂಬಿಗೆ ಅದರ ಮಕರಂದವೂ ಇಷ್ಟವೆಂದು ಕೇಳಿ. ನೆರೆಮನೆಯವರು ಗುಲಾಬಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹಾಕಿಸುತ್ತಿದ್ದರು. ಗಿಡದ ರಸದೊಂದಿಗೆ ಅದು ಹೂವಿನವರೆಗೂ ಏರುತ್ತದೆ ಎಂದು ವಿವರಿಸಿದ ಮೇಲೆ, ಸಂಜೆ ಬೇವಿನೆಣ್ಣೆ ಹೊಡೆಯಲು ಒಪ್ಪಿದ್ದಾರೆ. ಒಪ್ಪಲು ಎರಡು ತಿಂಗಳು ಮತ್ತು ಒಂದು ಡಬ್ಬಿ ಕೋಡುಬಳೆ ಬೇಕಾಯಿತು.

ಪುತ್ತೂರಿನವರು ಹೇಳಿದಂತೆ ಬಿದಿರಿನ ತುಂಡುಗಳನ್ನು ಕಟ್ಟಿದೆ. ಅವುಗಳನ್ನು ಯಾವ ದುಂಬಿಯೂ ಮೂಸಿ ನೋಡಿಲ್ಲ. ಬದಲಿಗೆ ನಮ್ಮ ಉಯ್ಯಾಲೆಯ ತೊಲೆಯಲ್ಲಿ ಹೊಸ ತೂತೊಂದು ಬಿದ್ದಿದೆ, ಕೆಳಗೆ ದಿನವೂ ಒಂದು ಚಿಟಿಕೆ ಮರದ ಹೊಟ್ಟು. ಮನೆಯವರಿಗೆ ಸಿಮೆಂಟು ಮೆತ್ತುವ ಮನಸ್ಸಿದೆ, ನಾನು ತಡೆದಿದ್ದೇನೆ.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಏಳು ಗಂಟೆಯ ಸುಮಾರಿಗೆ, ಬಟ್ಟೆ ಹರವುತ್ತಿದ್ದಾಗ ಹಿಂದಿನಿಂದ ಚಿಕ್ಕ ಚಿಕ್ಕ ತುಂಡುಗಳಾಗಿ ಏರುಶ್ರುತಿಯ ಝೇಂಕಾರ ಕೇಳಿಸಿತು. ತಿರುಗಿ ನೋಡಿದರೆ ನಾನು ಕಾಯುತ್ತಿದ್ದ ಕರಿ ದುಂಬಿಯಲ್ಲ. ನೀಲಿಪಟ್ಟೆಯ ಜೇನು, ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಹಳದಿ ಕೇಸರಗಳನ್ನು ಅಪ್ಪಿಕೊಂಡು ಹೊಟ್ಟೆ ಮಡಚಿ ಅದುರುತ್ತಿತ್ತು. ಒಂದು ಹೂವಿನಲ್ಲಿ ಎರಡು ಮೂರು ಸೆಕೆಂಡು, ನಂತರ ಪಕ್ಕದ ಬದನೆಗೆ, ಮತ್ತೆ ಇಲ್ಲಿಗೆ. ಕರಿ ದುಂಬಿ ಬಂದದ್ದು ಸೆಪ್ಟೆಂಬರಿನಲ್ಲಿ, ಅದೂ ಮೊದಲು ಪ್ಯಾಶನ್ ಫ್ರೂಟ್ ಬಳ್ಳಿಗೆ.

ಈಗ ಕೆಳಗಿನ ಗೆಲ್ಲಿನಲ್ಲಿ ಏಳು ಕಾಯಿಗಳು ಉಬ್ಬಿವೆ. ಬಾಲ್ಕನಿಯವರಿಗೆ ಎರಡನ್ನು ತೆಗೆದಿಡುತ್ತೇನೆ. ಹಕ್ಕಿ ಮೊದಲು ತಲುಪದಂತೆ ತೆಳುಬಟ್ಟೆಯ ಚೀಲ ಕಟ್ಟಿದ್ದೇನೆ. ಒಂದು ಮಾತ್ರ ಬಿ‌ರಿಯುವ ಹಂತದಲ್ಲಿದೆ, ಅದಕ್ಕೆ ಚೀಲ ಕಟ್ಟಿಲ್ಲ. ಮಗಳ ನಾಲಿಗೆ ಇನ್ನೂ ಕಪ್ಪಾಗಿಲ್ಲ.